ಆಳಂದ, ಅಫಜಲಪುರ, ಜೇವರ್ಗಿ: ಸರ್ಕಾರಿ ಪ್ರೌಢಶಾಲೆಗಳನ್ನು ತೂಗುವ ತಕ್ಕಡಿ ಯಾವುದು?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ದಿನ ಜಿಲ್ಲಾವಾರು ಪಟ್ಟಿಯೊಂದು ಪ್ರತಿವರ್ಷ ಪ್ರಕಟವಾಗುತ್ತದೆ. ರಾಜ್ಯದ ಬಹುತೇಕ ಓದುಗರು ಆ ಪಟ್ಟಿಯ ತುದಿಯನ್ನೊಮ್ಮೆ, ಬುಡವನ್ನೊಮ್ಮೆ ನೋಡಿ ಪುಟ ತಿರುವುತ್ತಾರೆ. 2025ರ ಮೇ 2ರಂದು ಪ್ರಕಟವಾದ ಪರೀಕ್ಷೆ–1ರ ಪಟ್ಟಿಯಲ್ಲಿ ತುದಿಯಲ್ಲಿದ್ದದ್ದು ಶೇ 91.12 ಪಡೆದ ದಕ್ಷಿಣ ಕನ್ನಡ; ಬುಡದಲ್ಲಿದ್ದದ್ದು ಶೇ 42.43 ಪಡೆದ ಕಲಬುರಗಿ. ಅದರ ಹಿಂದಿನ ವರ್ಷ ಕಲಬುರಗಿ ಶೇ 53.04ರೊಂದಿಗೆ ಕೊನೆಯಿಂದ ಎರಡನೆಯದಾಗಿತ್ತು, ಶೇ 50.59 ಪಡೆದ ನೆರೆಯ ಯಾದಗಿರಿ ಅದಕ್ಕಿಂತ ಕೆಳಗಿತ್ತು. ಅಂದರೆ 2025ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಪರೀಕ್ಷೆಗೆ ಕುಳಿತ ಪ್ರತಿ ನೂರು ಮಕ್ಕಳಲ್ಲಿ 57ಕ್ಕೂ ಹೆಚ್ಚು ಮಂದಿ ಮೊದಲ ಯತ್ನದಲ್ಲಿ ಅನುತ್ತೀರ್ಣರಾದರು.

ಜಿಲ್ಲೆ ಕೊನೆಗೆ ಬಂದಾಗ ಹೊಣೆಗಾರರ ಹುಡುಕಾಟ ತಾಲ್ಲೂಕಿಗೆ ಇಳಿಯುತ್ತದೆ. ಆಳಂದ ಮುಂದೋ, ಅಫಜಲಪುರ ಮುಂದೋ, ಜೇವರ್ಗಿ ಎಷ್ಟು ಹಿಂದೆ ಎಂಬ ಲೆಕ್ಕ ಆರಂಭವಾಗುತ್ತದೆ. ತಾಲ್ಲೂಕಿನಿಂದ ಅದು ಶಾಲೆಗೆ ಇಳಿಯುತ್ತದೆ. ಮುಖ್ಯೋಪಾಧ್ಯಾಯರಿಗೆ ನೋಟಿಸು, ಶಿಕ್ಷಕರಿಗೆ ವಿಶೇಷ ತರಗತಿಯ ಆದೇಶ, ಊರಿನಲ್ಲಿ ಶಾಲೆಗೆ ಹೆಸರು ಅಥವಾ ಕೆಟ್ಟ ಹೆಸರು. ಏಳನೇ ತರಗತಿ ಮುಗಿಸಿದ ಮಗಳನ್ನು ಹೋಬಳಿಯ ಪ್ರೌಢಶಾಲೆಗೆ ಸೇರಿಸಬೇಕೋ, ತಾಲ್ಲೂಕು ಕೇಂದ್ರಕ್ಕೆ ಕಳುಹಿಸಬೇಕೋ, ಸಾಲ ಮಾಡಿ ಕಲಬುರಗಿಯ ಖಾಸಗಿ ಶಾಲೆಗೆ ಹಾಕಬೇಕೋ ಎಂದು ಯೋಚಿಸುವ ತಂದೆ ತಾಯಿಯ ಕೈಗೆ ಸಿಗುವುದೂ ಇದೇ ಶೇಕಡಾವಾರು ಲೆಕ್ಕವೇ.

ಶಾಲೆಗಳನ್ನು ಹೋಲಿಸುವುದು ತಪ್ಪಲ್ಲ; ತೆರಿಗೆ ಕೊಡುವ, ಮಕ್ಕಳನ್ನು ಕಳುಹಿಸುವ ಜನರಿಗೆ ಆ ಹಕ್ಕಿದೆ. ಆದರೆ ಈಗ ಬಳಕೆಯಲ್ಲಿರುವ ತೇರ್ಗಡೆಯ ಶೇಕಡಾವಾರು ಲೆಕ್ಕ ಶಾಲೆ ಮಾಡಿದ ಕೆಲಸವನ್ನು ತೂಗುವುದಕ್ಕಿಂತ ಹೆಚ್ಚಾಗಿ ಬೇರೆ ಮೂರು ಸಂಗತಿಗಳನ್ನು ತೂಗುತ್ತಿದೆ: ಆ ಶಾಲೆಗೆ ಯಾರು ಬಂದರು, ಅವರಲ್ಲಿ ಎಷ್ಟು ಮಂದಿ ನಡುವೆ ಬಿಟ್ಟುಹೋದರು, ಪರೀಕ್ಷಾ ಕೊಠಡಿಯಲ್ಲಿ ಕಾವಲು ಎಷ್ಟು ಬಿಗಿಯಾಗಿತ್ತು. ಈ ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸಬಹುದು.

ಮೂರು ತಾಲ್ಲೂಕು, ಮೂರು ಬಗೆಯ ನೆಲ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ಪ್ರಾದೇಶಿಕ ಅಸಮಾನತೆ ಕುರಿತ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಲಾಗಿತ್ತು. ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 64.85, ಮಹಿಳೆಯರದು ಶೇ 55ರ ಆಸುಪಾಸು. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿತ್ತು. ಇಂದು ಪರೀಕ್ಷೆ ಬರೆಯುತ್ತಿರುವ ಮಕ್ಕಳ ತಾಯಂದಿರು ಆ ಗಣತಿಯಲ್ಲಿ ಎಣಿಕೆಯಾದವರು. ಮನೆಯಲ್ಲಿ ಪಾಠ ಹೇಳಿಕೊಡುವವರು ಇದ್ದಾರೆಂದು ಭಾವಿಸಿ ಬರೆದ ಪಠ್ಯಪುಸ್ತಕ ಈ ಎರಡು ಕಡೆ ಒಂದೇ ಬಗೆಯಾಗಿ ಕೆಲಸ ಮಾಡುವುದಿಲ್ಲ.

ಇತಿಹಾಸದ ಅಂತರವೂ ಸಣ್ಣದಲ್ಲ. ಮಂಗಳೂರಿನಲ್ಲಿ ಸಂತ ಅಲೋಷಿಯಸ್ ಸಂಸ್ಥೆ ಆರಂಭವಾದದ್ದು 1880ರಲ್ಲಿ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ನೂತನ ವಿದ್ಯಾಲಯ ತಲೆಯೆತ್ತಿದ್ದು 1907ರಲ್ಲಿ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ. ಇವೆಲ್ಲ ಬೆಳೆದದ್ದು ನಗರದಲ್ಲಿ. ಕರಾವಳಿಯಲ್ಲಿ ಅನುದಾನಿತ ಪ್ರೌಢಶಾಲೆ ಹಳ್ಳಿಗಳವರೆಗೂ ಹರಡಿಕೊಂಡಿತು. ಇಲ್ಲಿ ಹಳ್ಳಿಯ ಮಗುವಿಗೆ ಸರ್ಕಾರಿ ಪ್ರೌಢಶಾಲೆಯೇ ಮೊದಲನೆಯದು, ಬಹಳ ಕಡೆ ಅದೇ ಕೊನೆಯದು.

ಹಾಗೆಂದು ಮೂರೂ ತಾಲ್ಲೂಕು ಒಂದೇ ಅಚ್ಚಿನವಲ್ಲ. ಆಳಂದ ಮಹಾರಾಷ್ಟ್ರದ ಗಡಿಗೆ ತಾಗಿದೆ. ಲಾಡ್ಲೆ ಮಶಾಕ್ ದರ್ಗಾದ ಈ ಊರಿನ ಸುತ್ತ ಕನ್ನಡ, ಉರ್ದು, ಮರಾಠಿ ಮೂರೂ ಮನೆಮಾತುಗಳು. ಉರ್ದು ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದ ಮಗು ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಮನೆಯಾಚೆಯ ಭಾಷೆಗಳಾಗಿ ಎದುರಿಸುತ್ತದೆ. ಆ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಹೇಳಬಲ್ಲ ಶಿಕ್ಷಕ ಸಿಗುವುದಂತೂ ಇನ್ನೂ ಕಷ್ಟ. ಇದೇ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದೇಶದ ನಾನಾ ರಾಜ್ಯಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಓದುತ್ತಾರೆ. ಅದರ ಕಾಂಪೌಂಡಿನ ಆಚೆಗಿನ ಹಳ್ಳಿಯ ಮಗು ಅಲ್ಲಿಗೆ ತಲುಪಬೇಕಾದರೆ ಮೊದಲು ಹತ್ತನೇ ತರಗತಿಯ ಗಣಿತ ದಾಟಬೇಕು.

ಅಫಜಲಪುರ ಭೀಮಾ ನದಿಯ ದಂಡೆಯ ತಾಲ್ಲೂಕು. ದೇವಲ ಗಾಣಗಾಪುರದ ದತ್ತ ಕ್ಷೇತ್ರದಿಂದ ಹೊರಗಿನವರಿಗೆ ಪರಿಚಿತ. ನದಿಯ ನೀರು ಸಿಕ್ಕ ಕಡೆ ಕಬ್ಬು, ಸಿಗದ ಕಡೆ ತೊಗರಿ. ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಕಾಲವೂ ಪ್ರೌಢಶಾಲೆಯ ಎರಡನೇ ಅವಧಿಯೂ ಒಟ್ಟಿಗೇ ಬರುತ್ತವೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ದಂಡೆಯ ಹಳ್ಳಿಗಳಿಗೆ ಆತಂಕ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಹರಿದಾಗ ಅಫಜಲಪುರ ಮತ್ತು ಜೇವರ್ಗಿ ಎರಡೂ ತಾಲ್ಲೂಕುಗಳ ಹಳ್ಳಿಗಳು ನೀರು ಕಂಡವು. ಪರಿಹಾರ ಕೇಂದ್ರ ಬೇಕೆಂದಾಗ ಊರಿನಲ್ಲಿ ಸಿಗುವ ಗಟ್ಟಿ ಕಟ್ಟಡ ಶಾಲೆಯದೇ. ನೀರು ಇಳಿದ ಮೇಲೆ ಕಳೆದುಹೋದ ಪಾಠದ ದಿನಗಳನ್ನು ಯಾವ ಪಟ್ಟಿಯೂ ಕೂಡಿಸುವುದಿಲ್ಲ.

ಜೇವರ್ಗಿಯದು ಕಪ್ಪು ನೆಲ, ಹತ್ತಿ ಮತ್ತು ತೊಗರಿ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ, ತೊಗರಿ ರಾಶಿಯ ದಿನಗಳಲ್ಲಿ ಒಂಬತ್ತು, ಹತ್ತನೇ ತರಗತಿಯ ಹಾಜರಿ ಇಳಿಯುವುದನ್ನು ಇಲ್ಲಿಯ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಮೊದಲು ಕಾಣೆಯಾಗುವವರು ಹುಡುಗಿಯರು. ತಾಯಿಯ ಜೊತೆ ಹೊಲಕ್ಕೆ, ಇಲ್ಲವೇ ತಾಯಿ ಹೊಲಕ್ಕೆ ಹೋದಾಗ ಮನೆಗೆ. ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೊರಡುವ ಕುಟುಂಬಗಳಲ್ಲಿ ದುಡಿಯುವ ಕೈಗಳ ಪಟ್ಟಿಗೆ ಹುಡುಗರು ಸೇರುತ್ತಾರೆ. ಪರೀಕ್ಷೆ ಮಾರ್ಚ್, ಏಪ್ರಿಲ್‌ನಲ್ಲಿ. ಈ ಕ್ಷೇತ್ರ ರಾಜ್ಯಕ್ಕೆ ಒಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿದೆ: 2004ರಿಂದ 2006ರವರೆಗೆ ಆ ಸ್ಥಾನದಲ್ಲಿದ್ದ ಎನ್. ಧರ್ಮಸಿಂಗ್. 2023ರಲ್ಲಿ ಜೇವರ್ಗಿಯ ಶಾಸಕ ಡಾ. ಅಜಯ್ ಸಿಂಗ್ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಾದರು. ಅಧಿಕಾರದ ಸಾಮೀಪ್ಯ ಒಂದೇ ಶಾಲೆಯನ್ನು ಎತ್ತುವುದಾಗಿದ್ದರೆ ಜೇವರ್ಗಿ ಎಂದೋ ಮೇಲೇರಬೇಕಿತ್ತು.

ಒಂದೇ ಊರು, ಎರಡು ಬಗೆಯ ಸರ್ಕಾರಿ ಶಾಲೆ

ತಾಲ್ಲೂಕುಗಳ ನಡುವಣ ಈ ವ್ಯತ್ಯಾಸಕ್ಕಿಂತ ಮುಖ್ಯವಾದದ್ದು ಒಂದೇ ತಾಲ್ಲೂಕಿನ ಒಳಗಿನ ವ್ಯತ್ಯಾಸ. ನಗರದ ಓದುಗರು ಸರ್ಕಾರಿ ಪ್ರೌಢಶಾಲೆ ಎಂದರೆ ಒಂದೇ ಬಗೆ ಎಂದುಕೊಂಡಿರುತ್ತಾರೆ. ಹಾಗಿಲ್ಲ. ಹಿಂದುಳಿದ ತಾಲ್ಲೂಕುಗಳಿಗೆಂದು ಕೇಂದ್ರದ ಮಾಧ್ಯಮಿಕ ಶಿಕ್ಷಣ ಅಭಿಯಾನದ ಅಡಿಯಲ್ಲಿ ಹುಟ್ಟಿದ ಆದರ್ಶ ವಿದ್ಯಾಲಯಗಳಿವೆ. 2015ರಲ್ಲಿ ಕೇಂದ್ರ ಕೈಬಿಟ್ಟ ಮೇಲೆ ರಾಜ್ಯವೇ ಅವುಗಳನ್ನು ನಡೆಸಿಕೊಂಡು ಬಂತು. ರಾಜ್ಯದಲ್ಲಿ ಒಟ್ಟು 74 ಇವೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಇಂಗ್ಲಿಷ್ ಮಾಧ್ಯಮ, ತರಗತಿಗೆ 80 ಸೀಟು. ಇವಲ್ಲದೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ ನಡೆಯುತ್ತದೆ.

ಇದರ ಪರಿಣಾಮ ಸರಳ. ಐದನೇ ತರಗತಿಯ ಕೊನೆಗೆ ತಾಲ್ಲೂಕಿನ ಓದುವ ಮಕ್ಕಳಲ್ಲಿ ಒಂದು ಪಾಲು ಪ್ರವೇಶ ಪರೀಕ್ಷೆಯ ಜರಡಿಯಲ್ಲಿ ಮೇಲೆ ಉಳಿಯುತ್ತದೆ. ಮಗುವಿಗೆ ಅರ್ಜಿ ಹಾಕಿಸುವ ಎಚ್ಚರವುಳ್ಳ ತಂದೆ ತಾಯಿಯೂ ಆ ಕಡೆಗೇ ಹೋಗುತ್ತಾರೆ. ಇನ್ನೊಂದು ಪಾಲನ್ನು ಖಾಸಗಿ ಶಾಲೆಗಳ ಬಸ್ಸುಗಳು ಒಯ್ಯುತ್ತವೆ. ಎಂಟನೇ ತರಗತಿಗೆ ಯಾರನ್ನೂ ಬೇಡವೆನ್ನದೆ ಸೇರಿಸಿಕೊಳ್ಳಬೇಕಾದ ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ಉಳಿದವರು ಬರುತ್ತಾರೆ. ಮೂರು ವರ್ಷದ ನಂತರ ಆದರ್ಶ ವಿದ್ಯಾಲಯದ ಶೇಕಡಾವಾರು ಫಲಿತಾಂಶದ ಪಕ್ಕದಲ್ಲಿ ಹಳ್ಳಿಯ ಶಾಲೆಯ ಫಲಿತಾಂಶವನ್ನಿಟ್ಟು, ಅಲ್ಲಿಯ ಶಿಕ್ಷಕರಿಗೆ ಆದದ್ದು ಇವರಿಗೇಕೆ ಆಗಲಿಲ್ಲ ಎಂದು ಕೇಳಲಾಗುತ್ತದೆ. ಆದರ್ಶ ವಿದ್ಯಾಲಯಗಳು ಬೇಡವೆಂದು ಈ ಮಾತಿನ ಅರ್ಥವಲ್ಲ. ಬಡ ಕುಟುಂಬದ ಜಾಣ ಮಗುವಿಗೆ ಅವು ದೊಡ್ಡ ಆಸರೆ. ಆದರೆ ಆರಿಸಿಕೊಂಡ ಶಾಲೆಯನ್ನೂ ಆರಿಸಲಾಗದ ಶಾಲೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಪಟ್ಟಿ ಶಿಕ್ಷಕರ ಶ್ರಮದ ಪಟ್ಟಿಯಾಗಲಾರದು.

ಇನ್ನೊಂದು ಸಂಗತಿ. ಎಂಟನೇ ತರಗತಿಗೆ ಬರುವ ಮಗು ಅಲ್ಲಿಯವರೆಗೆ ಹೊರಗಿನವರು ನಡೆಸಿದ ಗಟ್ಟಿ ಪರೀಕ್ಷೆಯೊಂದನ್ನೂ ಕಂಡಿರುವುದಿಲ್ಲ. ಐದು, ಎಂಟು, ಒಂಬತ್ತನೇ ತರಗತಿಗಳಿಗೆ ಮಂಡಳಿ ಪರೀಕ್ಷೆ ನಡೆಸುವ ರಾಜ್ಯದ ಪ್ರಯತ್ನ 2024ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ತಡೆಗೊಳಗಾಯಿತು. ಪುಟ್ಟ ಮಕ್ಕಳಿಗೆ ಮಂಡಳಿ ಪರೀಕ್ಷೆ ಬೇಡವೆಂಬ ವಾದದಲ್ಲಿ ಹುರುಳಿದೆ. ಆದರೆ ಭಿನ್ನರಾಶಿ ಗೊತ್ತಿಲ್ಲದೆ ಎಂಟನೇ ತರಗತಿಗೆ ಬಂದ ಮಗುವಿನ ಕೊರತೆ ಮೊದಲ ಬಾರಿಗೆ ದಾಖಲಾಗುವುದು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ, ಅದೂ ಪ್ರೌಢಶಾಲೆಯ ಹೆಸರಿನಲ್ಲಿ.

ಅಳತೆಗೋಲೇ ನಿಂತಲ್ಲಿ ನಿಲ್ಲಲಿಲ್ಲ

ಸರಿ, ಒಂದು ಶಾಲೆಯನ್ನು ಇನ್ನೊಂದರ ಜೊತೆ ಬೇಡ, ಅದರದೇ ಹಿಂದಿನ ವರ್ಷದ ಜೊತೆ ಹೋಲಿಸೋಣ ಎಂದರೆ ಅದಕ್ಕೂ ದಾರಿಯಿಲ್ಲ. 2021ರಲ್ಲಿ ಕೋವಿಡ್ ಕಾರಣ ಸರಳ ಬಹು ಆಯ್ಕೆ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ತೇರ್ಗಡೆಯಾದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89, ಮೊದಲ ಸ್ಥಾನ ಚಿತ್ರದುರ್ಗಕ್ಕೆ. ಆ ವರ್ಷ ಉಡುಪಿ 18ನೇ, ದಕ್ಷಿಣ ಕನ್ನಡ 19ನೇ ಸ್ಥಾನದಲ್ಲಿದ್ದವು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕ್ಯಾಮೆರಾದ ಕಣ್ಣಿನಡಿ ನಡೆದ ಆ ಮೊದಲ ಪರೀಕ್ಷೆಯಲ್ಲಿ ಉಡುಪಿ, ದಕ್ಷಿಣ ಕನ್ನಡ ಮೊದಲೆರಡು ಸ್ಥಾನಕ್ಕೆ ಜಿಗಿದವು. ಚಿತ್ರದುರ್ಗ 21ನೇ ಸ್ಥಾನಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಕರಾವಳಿಯ ಶಿಕ್ಷಕರು ದಿಢೀರನೆ ಉತ್ತಮರಾಗಲಿಲ್ಲ, ದುರ್ಗದವರು ಕೆಡಲೂ ಇಲ್ಲ. ಬದಲಾದದ್ದು ಕೊಠಡಿಯ ಗೋಡೆಯ ಮೇಲಿನ ಕ್ಯಾಮೆರಾ. ಅಲ್ಲಿಯವರೆಗಿನ ಪಟ್ಟಿಗಳನ್ನು ನಂಬಿ ಎಷ್ಟು ಸನ್ಮಾನಗಳು, ಎಷ್ಟು ನೋಟಿಸುಗಳು ಹಂಚಿಕೆಯಾಗಿದ್ದವೋ!

ಅದೇ 2024ರಲ್ಲಿ ಫಲಿತಾಂಶ ತೀರಾ ಕುಸಿಯುವುದನ್ನು ತಡೆಯಲು ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು. ಅಷ್ಟಾದರೂ ರಾಜ್ಯದ ಸರಾಸರಿ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಕೃಪಾಂಕ ಹೋಯಿತು. ಕಲಬುರಗಿಯ ಶೇ 53, ಶೇ 42 ಆದದ್ದರ ಹಿಂದೆ ಇದರ ಪಾಲೂ ಇದೆ. 2025–26ನೇ ಸಾಲಿನಿಂದ ತೇರ್ಗಡೆಯ ಮಿತಿಯನ್ನು ಶೇ 35ರಿಂದ ಶೇ 33ಕ್ಕೆ, ಅಂದರೆ 625ಕ್ಕೆ 206 ಅಂಕಗಳಿಗೆ ಇಳಿಸುವ ನಿರ್ಧಾರ ಬಂತು. ಜೊತೆಗೆ 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳು. ಮೊದಲನೆಯದರಲ್ಲಿ ಬಿದ್ದವರು ಎರಡನೆಯದರಲ್ಲಿ, ಮೂರನೆಯದರಲ್ಲಿ ಏಳಬಹುದು; ಸುದ್ದಿಯಾಗುವುದು ಮಾತ್ರ ಮೊದಲನೆಯದು. ಇಷ್ಟೆಲ್ಲ ಬದಲಾವಣೆಗಳ ನಡುವೆ ಜೇವರ್ಗಿಯ ಒಂದು ಶಾಲೆ ಕಳೆದ ವರ್ಷಕ್ಕಿಂತ ಆರು ಅಂಶ ಮೇಲೇರಿತು ಎಂಬ ಮಾತಿಗೆ ಏನು ಬೆಲೆ?

ಆದರೂ ಕ್ಯಾಮೆರಾ ಬಂದದ್ದು ಒಳಿತೇ ಆಯಿತು. ನಕಲಿನ ನೆರಳಿನಲ್ಲಿ ದಶಕಗಳ ಕಾಲ ಮುಚ್ಚಿಹೋಗಿದ್ದ ಕೊರತೆ ಬಯಲಾಯಿತು. ಅದರ ಬೆಲೆಯನ್ನು ತೆತ್ತವರು ಮಾತ್ರ ಆ ಎರಡು ವರ್ಷ ಪರೀಕ್ಷೆಗೆ ಕುಳಿತ ಮಕ್ಕಳು.

ಶಿಕ್ಷಕ ಎಲ್ಲಿ ಇದ್ದಾನೆ?

ಹಳ್ಳಿಯ ಪ್ರೌಢಶಾಲೆಯೊಂದಕ್ಕೆ ವಿಷಯಕ್ಕೊಬ್ಬರಂತೆ ಏಳೆಂಟು ಶಿಕ್ಷಕರು. ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ತರಗತಿ ನೋಡಿಕೊಳ್ಳುತ್ತಾರೆ. ಇಲ್ಲಿ ಗಣಿತದ ಹುದ್ದೆ ಖಾಲಿಯಾದರೆ ಹಿಂದಿ ಶಿಕ್ಷಕರು ತ್ರಿಕೋನಮಿತಿ ಹೇಳಲಾರರು. ಜೂನ್‌ನಲ್ಲಿ ಖಾಲಿಯಿದ್ದ ಹುದ್ದೆಗೆ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಪಾಠದ ವಾರಗಳು ಕಳೆದಿರುತ್ತವೆ. ಬಂದವರು ಬೇರೆ ಕಡೆ ಉತ್ತಮ ಅವಕಾಶ ಸಿಕ್ಕರೆ ನಡುವೆಯೇ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ಒಂದು ಶಾಲೆಯ ಫಲಿತಾಂಶವನ್ನು ನೋಡುವ ಮೊದಲು ಅಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆಗಳು ಕಳೆದ ಮೂರು ವರ್ಷಗಳಲ್ಲಿ ಎಷ್ಟು ತಿಂಗಳು ತುಂಬಿದ್ದವು ಎಂದು ಕೇಳಬೇಕು. ಹತ್ತನೇ ತರಗತಿಯ ಒಂದು ಬ್ಯಾಚಿಗೆ ಆ ಮೂರು ವರ್ಷಗಳೇ ಸರ್ವಸ್ವ.

ಸಂವಿಧಾನದ 371ಜೆ ವಿಧಿಯ ಅನ್ವಯ 2013ರಿಂದ ಈ ಭಾಗದಲ್ಲಿ ಸ್ಥಳೀಯ ವೃಂದ ಜಾರಿಗೆ ಬಂದು, ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲಾಯಿತು. ಹೊರಗಿನಿಂದ ಬಂದು ಸೇವಾವಧಿ ಮುಗಿಯುವ ಮೊದಲೇ ದಕ್ಷಿಣಕ್ಕೆ ಮರಳುವ ಶಿಕ್ಷಕರ ಹಳೆಯ ಸಮಸ್ಯೆಗೆ ಇದು ಸ್ವಲ್ಪ ಮಟ್ಟಿನ ಮದ್ದು. ಆದರೆ ಮೀಸಲಾದ ಹುದ್ದೆಗೆ ಅರ್ಹ ಅಭ್ಯರ್ಥಿಗಳೂ ಬೇಕಲ್ಲ! ಆರರಿಂದ ಎಂಟನೇ ತರಗತಿಗೆ 2022ರಲ್ಲಿ ಕರೆದ 15,000 ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ನೇಮಕಾತಿ ಮುಗಿದಾಗ ಎಲ್ಲ ಹುದ್ದೆಗಳೂ ತುಂಬಲಿಲ್ಲ. ಇಂದು ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಬೀಳುವ ಮಗು ನಾಳೆ ಗಣಿತದ ಬಿ.ಎಡ್. ಪದವೀಧರನಾಗುವುದಿಲ್ಲ. ಕೊರತೆ ತನ್ನನ್ನೇ ತಾನು ಬೆಳೆಸಿಕೊಳ್ಳುತ್ತದೆ.

ಇರುವ ಶಿಕ್ಷಕರ ಹಂಚಿಕೆಯೂ ಸಮವಾಗಿಲ್ಲ. ಆಳಂದ, ಜೇವರ್ಗಿ ಪಟ್ಟಣಗಳು ಕಲಬುರಗಿಯಿಂದ ಸುಮಾರು 40 ಕಿ.ಮೀ.; ಬೆಳಿಗ್ಗೆ ಹೊರಟು ಸಂಜೆ ಮರಳಬಹುದು. ಅಫಜಲಪುರ ಅದಕ್ಕಿಂತ ದೂರ. ಮುಖ್ಯ ರಸ್ತೆಯ ಬದಿಯ ಶಾಲೆಗೆ ವರ್ಗಾವಣೆಯಲ್ಲಿ ಬೇಡಿಕೆ, ಒಳನಾಡಿನ ಶಾಲೆಗೆ ನಿರಾಸಕ್ತಿ. ಎ, ಬಿ, ಸಿ ವಲಯಗಳ ವರ್ಗಾವಣೆ ನಿಯಮ ಇದನ್ನು ಸರಿದೂಗಿಸಲೆಂದೇ ಬಂದದ್ದು. ಖಾಲಿ ಹುದ್ದೆಗಳು ಮಿತಿ ಮೀರಿದ ತಾಲ್ಲೂಕಿನಿಂದ ವರ್ಗಾವಣೆಗೆ ತಡೆಯೂ ಇದೆ. ಇದರಿಂದ ಶಿಕ್ಷಕ ಉಳಿಯುತ್ತಾನೆ, ಮನಸ್ಸು ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನಿಯೋಜನೆಯ ಹೆಸರಿನಲ್ಲಿ ಹುದ್ದೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ನಡೆದಾಗ ದಾಖಲೆಯಲ್ಲಿ ಹುದ್ದೆ ಭರ್ತಿಯಾಗಿರುತ್ತದೆ, ತರಗತಿ ಖಾಲಿ ಇರುತ್ತದೆ.

ಹಣದ ಕೊರತೆ ಎಂದು ಈಗ ಹೇಳುವಂತಿಲ್ಲ. ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ₹5,000 ಕೋಟಿ ಘೋಷಣೆಯಾಗಿದೆ. ಅದರಲ್ಲಿ ಕಾಲು ಭಾಗವನ್ನು ಶಿಕ್ಷಣಕ್ಕೆ ತೆಗೆದಿಡುವ ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮವೂ ಬಂದಿದೆ. ಮಂಡಳಿಯ ಹಣದಿಂದ ಕೊಠಡಿ ಕಟ್ಟಬಹುದು, ಪ್ರಯೋಗಾಲಯ ಕೊಡಬಹುದು. ಕಾಯಂ ಗಣಿತ ಶಿಕ್ಷಕರ ನೇಮಕ ಶಿಕ್ಷಣ ಇಲಾಖೆಯ ಕೈಯಲ್ಲಿದೆ. ಇನ್ನು ಸಣ್ಣ ಖರ್ಚಿನ ಸಂಗತಿಗಳನ್ನೂ ಮರೆಯಬಾರದು. 2006–07ರಲ್ಲಿ ಆರಂಭವಾದ ಎಂಟನೇ ತರಗತಿಯ ಮಕ್ಕಳ ಉಚಿತ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು, ಶಾಲೆಗಳು ತೆರೆದ ಮೇಲೂ ವರ್ಷಗಟ್ಟಲೆ ಮರಳಲಿಲ್ಲ. 2023ರ ಶಕ್ತಿ ಯೋಜನೆ ಹುಡುಗಿಯರಿಗೆ ಬಸ್ಸನ್ನು ಉಚಿತ ಮಾಡಿತು. ಬಸ್ಸು ಹೋಗದ ಊರಿನ ಹುಡುಗಿಗೆ, ಎಲ್ಲ ಊರಿನ ಹುಡುಗರಿಗೆ ಆ ಸೈಕಲ್ಲಿನ ಬದಲು ಏನೂ ಬರಲಿಲ್ಲ.

ಪಟ್ಟಿಯಲ್ಲಿ ಇರಬೇಕಾದದ್ದು

ಒಂದು ಸಣ್ಣ ಲೆಕ್ಕ ನೋಡಿ. ಇದು ಕೇವಲ ಉದಾಹರಣೆ. ಎರಡು ಶಾಲೆಗಳು, ಎರಡಕ್ಕೂ ಎಂಟನೇ ತರಗತಿಗೆ 60 ಮಕ್ಕಳು ಸೇರಿದರು. ಮೊದಲ ಶಾಲೆಯಲ್ಲಿ 58 ಮಂದಿ ಹತ್ತನೇ ತರಗತಿಯ ಪರೀಕ್ಷೆಗೆ ಕುಳಿತು 35 ಮಂದಿ ಪಾಸಾದರು: ಶೇ 60. ಎರಡನೆಯದರಲ್ಲಿ 40 ಮಂದಿ ಕುಳಿತು 28 ಮಂದಿ ಪಾಸಾದರು: ಶೇ 70. ಪಟ್ಟಿಯಲ್ಲಿ ಎರಡನೆಯದು ಮುಂದೆ, ಮೊದಲನೆಯದಕ್ಕೆ ನೋಟಿಸು. ಆದರೆ ಸೇರಿದ 60 ಮಕ್ಕಳಲ್ಲಿ ಮೊದಲ ಶಾಲೆ 35 ಮಂದಿಯನ್ನು ದಡ ಮುಟ್ಟಿಸಿತು, ಎರಡನೆಯದು 28 ಮಂದಿಯನ್ನು. ಗುಳೆ ಹೋದವರನ್ನು ಮರಳಿ ಕರೆತಂದ, ಮದುವೆ ನಿಶ್ಚಯವಾದ ಹುಡುಗಿಯ ಮನೆಗೆ ಹೋಗಿ ಮಾತನಾಡಿದ, ಓದಿನಲ್ಲಿ ಹಿಂದುಳಿದವರನ್ನೂ ಪರೀಕ್ಷೆಗೆ ಕೂರಿಸಿದ ಶಾಲೆಗೆ ಈಗಿನ ಲೆಕ್ಕದಲ್ಲಿ ಶಿಕ್ಷೆಯಿದೆ. ದುರ್ಬಲ ಮಗು ದೂರ ಉಳಿದಷ್ಟೂ ಶಾಲೆಯ ಶೇಕಡಾವಾರು ಏರುತ್ತದೆ. ಇಂಥ ಲೆಕ್ಕ ಒಬ್ಬ ಪ್ರಾಮಾಣಿಕ ಮುಖ್ಯೋಪಾಧ್ಯಾಯರಿಗೆ ಯಾವ ಆಮಿಷ ಒಡ್ಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ತೊಡಕು ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಗ್ಲೆಂಡ್ 1992ರಲ್ಲಿ ಪ್ರೌಢಶಾಲೆಗಳ ಫಲಿತಾಂಶ ಪಟ್ಟಿ ಪ್ರಕಟಿಸಲು ಆರಂಭಿಸಿತು. ಅನುಕೂಲಸ್ಥರ ಬಡಾವಣೆಯ ಶಾಲೆಗಳೇ ಮೇಲೆ ಬರುತ್ತವೆ ಎಂಬ ಟೀಕೆ ಬೆಳೆದು, ಮಗು ಶಾಲೆಗೆ ಬಂದಾಗ ಎಲ್ಲಿತ್ತು, ಹೊರಡುವಾಗ ಎಲ್ಲಿಗೆ ಮುಟ್ಟಿತು ಎಂಬ ಅಂತರವನ್ನು ಅಳೆಯುವ ಕ್ರಮದತ್ತ ಅದು ಹೊರಳಿತು. 2016ರಿಂದ ‘ಪ್ರೋಗ್ರೆಸ್ 8’ ಎಂಬ ಮಾನಕ ಬಂತು. ಪಕ್ಕದ ವೇಲ್ಸ್ 2001ರಲ್ಲಿ ಪಟ್ಟಿಯನ್ನೇ ಕೈಬಿಟ್ಟಿತು. ಕೈಬಿಡುವುದು ನಮಗೆ ತಕ್ಕ ದಾರಿಯಲ್ಲ. ಪಟ್ಟಿ ಇಲ್ಲದಿದ್ದರೆ ಶೇ 42ರ ಸುದ್ದಿಯೂ ಇರುತ್ತಿರಲಿಲ್ಲ, ಅದರ ಮೇಲಿನ ಚರ್ಚೆಯೂ.

ಬೇಕಾದ ಅಂಕಿಗಳೇನೂ ದುರ್ಲಭವಲ್ಲ. ರಾಜ್ಯದ ಪ್ರತಿ ಮಗುವಿಗೂ ‘ಸ್ಯಾಟ್ಸ್’ ಸಂಖ್ಯೆಯಿದೆ. ಎಂಟಕ್ಕೆ ಸೇರಿದ ಮಗು ಹತ್ತರಲ್ಲಿ ಇದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಎಂಟನೇ ತರಗತಿಯ ಮೊದಲ ವಾರಗಳಲ್ಲಿ ಓದು, ಬರಹ, ಲೆಕ್ಕದ ಸರಳ ಪರೀಕ್ಷೆಯೊಂದನ್ನು ಹೊರಗಿನವರಿಂದ ನಡೆಸಿ ದಾಖಲಿಸಿದರೆ ಹೊರಟ ಸ್ಥಳವೂ ಗೊತ್ತಾಗುತ್ತದೆ. ಮಗುವನ್ನು ಅನುತ್ತೀರ್ಣಗೊಳಿಸುವುದು ಅದರ ಉದ್ದೇಶವಾಗಬೇಕಿಲ್ಲ. ಪ್ರವೇಶ ಪರೀಕ್ಷೆಯಿರುವ ಶಾಲೆಗಳಿಗೆ ಒಂದು ಪಟ್ಟಿ, ಎಲ್ಲರನ್ನೂ ಸೇರಿಸಿಕೊಳ್ಳುವ ಶಾಲೆಗಳಿಗೆ ಬೇರೆ ಪಟ್ಟಿ. ಮೂರೂ ಪರೀಕ್ಷೆಗಳು ಮುಗಿದ ಮೇಲಿನ ಒಟ್ಟು ಫಲಿತಾಂಶ. ಕನ್ನಡ, ಉರ್ದು, ಮರಾಠಿ ಮಾಧ್ಯಮಗಳ ಲೆಕ್ಕ ಪ್ರತ್ಯೇಕ. ವಿಷಯವಾರು ಶಿಕ್ಷಕರಿಲ್ಲದ ತಿಂಗಳುಗಳ ಸಂಖ್ಯೆ. ಯಡ್ರಾಮಿ 2018ರಲ್ಲಿ ಜೇವರ್ಗಿಯಿಂದ ಬೇರೆಯಾಗಿ ತಾಲ್ಲೂಕಾದುದರಿಂದ ಹಳೆಯ ಅಂಕಿಗಳೊಂದಿಗೆ ಹೋಲಿಸುವಾಗ ಆ ಎಚ್ಚರವೂ ಬೇಕು.

ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ನಂಜುಂಡಪ್ಪ ವರದಿ ತಾಲ್ಲೂಕನ್ನು ಘಟಕವಾಗಿ ಹಿಡಿದದ್ದು ಅಂದಿನ ಮಟ್ಟಿಗೆ ದೊಡ್ಡ ಹೆಜ್ಜೆ. ಜಿಲ್ಲೆಯ ಸರಾಸರಿಯ ಹಿಂದೆ ಅಡಗಿದ್ದ ಹಳ್ಳಿಗಳು ಅದರಿಂದ ಕಣ್ಣಿಗೆ ಬಿದ್ದವು. ಶಾಲೆಯ ವಿಷಯದಲ್ಲಿ ಈಗ ತಾಲ್ಲೂಕೂ ದೊಡ್ಡ ಘಟಕವೇ. ಆಳಂದ ಪಟ್ಟಣದ ಶಾಲೆಗೂ ಅದೇ ತಾಲ್ಲೂಕಿನ ಗಡಿಯಂಚಿನ ಹಳ್ಳಿಯ ಶಾಲೆಗೂ ಇರುವ ದೂರ, ಆಳಂದಕ್ಕೂ ಜೇವರ್ಗಿಗೂ ಇರುವ ದೂರಕ್ಕಿಂತ ಹೆಚ್ಚು. ಮುಂದಿನ ಫಲಿತಾಂಶದ ಮರುದಿನ ಸಭೆ ಕರೆಯುವ ಅಧಿಕಾರಿಗಳು ಮುಖ್ಯೋಪಾಧ್ಯಾಯರಿಗೆ ಎಷ್ಟು ಮಂದಿ ಪಾಸಾದರು ಎಂದು ಕೇಳುವ ಮೊದಲು, ಮೂರು ವರ್ಷದ ಹಿಂದೆ ಎಷ್ಟು ಮಂದಿ ಸೇರಿದ್ದರು, ನಿಮ್ಮಲ್ಲಿ ಗಣಿತದ ಶಿಕ್ಷಕರು ಯಾವ ತಿಂಗಳು ಬಂದರು ಎಂದು ಕೇಳಲಿ. ಎರಡನೇ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮುಖ್ಯೋಪಾಧ್ಯಾಯರಲ್ಲ, ಸಭೆಯ ವೇದಿಕೆಯ ಮೇಲೆ ಕುಳಿತವರು.